ಮರದ ಸಾವು ಯಾವ ದಫ್ತರದಲ್ಲಿದೆ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ವಯಸ್ಸು ತಿಳಿಯಲು ಹೆಚ್ಚು ತಡಕಾಡಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆಹವಮಲ್ಲ ತೈಲಪನ ಆಳ್ವಿಕೆಯಲ್ಲಿ, ಕ್ರಿ.ಶ. 987ರ ಸುಮಾರಿಗೆ, ದುಗ್ಗಿಮಯ್ಯನೆಂಬಾತನ ಹೆಸರು ಈ ಗುಡಿಯ ನಿರ್ಮಾಣದ ಜೊತೆ ಶಾಸನದಲ್ಲೇ ಸೇರಿಕೊಂಡಿದೆ. ಹತ್ತರಿಂದ ಹನ್ನೆರಡನೇ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಶಾಸನಗಳು ಈ ಒಂದೇ ಊರಿನ ಆಸುಪಾಸಿನಲ್ಲಿ ಸಿಕ್ಕಿವೆ. ಸಾವಿರ ವರ್ಷದ ಹಿಂದೆಯೇ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಬರೆದಿಟ್ಟ ಊರಿನಲ್ಲಿ, ಹೊಲದ ಬದುವಿನ ಮೇಲೆ ನಿಂತಲ್ಲೇ ಒಣಗಿದ ಒಂದು ಹುಣಸೆಮರ ಯಾವಾಗ ಸತ್ತಿತು, ಯಾತರಿಂದ ಸತ್ತಿತು ಎಂದು ತಿಳಿಯಲು ಹೊರಟೆ.

ಮರದ ತೊಗಟೆ ಅಂಗೈ ಅಗಲದ ಹೋಳುಗಳಾಗಿ ಕಳಚಿ ಬುಡಕ್ಕೆ ಬಿದ್ದಿತ್ತು. ತೊಗಟೆ ಹೋದ ಕಡೆ ಕಾಂಡ ಬೂದಿಬಣ್ಣಕ್ಕೆ ತಿರುಗಿತ್ತು. ಕೊರಕ ಹುಳುಗಳ ತೂತುಗಳಿಂದ ಸಣ್ಣ ರವೆಯಂಥ ಪುಡಿ ಉದುರಿ ಬಿರುಕುಗಳಲ್ಲಿ ತುಂಬಿಕೊಂಡಿತ್ತು. ತುದಿಯ ರೆಂಬೆಗಳಲ್ಲಿ ಹಳೆಯ ಕಾಯಿಗಳು ಇನ್ನೂ ನೇತಾಡುತ್ತಿದ್ದವು. ಅಂದರೆ ಸಾಯುವ ಮುಂಚಿನ ಹಂಗಾಮಿನಲ್ಲೂ ಅದು ಫಲ ಬಿಟ್ಟಿತ್ತು. ಎದೆಮಟ್ಟದಲ್ಲಿ ಟೇಪು ಸುತ್ತಿದರೆ ಸುತ್ತಳತೆ ಮೂರು ಮೀಟರಿಗೆ ತುಸು ಮೇಲೆ, ಅಂದರೆ ವ್ಯಾಸ ಸುಮಾರು 1 ಮೀಟರ್. ಆಸುಪಾಸಿನ ಹೊಲದವರನ್ನು ಕೇಳಿದೆ. "ಬಾಜೂಕ ಬೋರು ಕೊರಸಿದ ಮ್ಯಾಲೆ ಒಣಗಾಕ ಹತ್ತಿತ್ರಿ" ಎಂದರು ಒಬ್ಬರು. ದಾರಿ ಅಗಲ ಮಾಡುವಾಗ ಬೇರು ಕಡಿದರೆಂದರು ಇನ್ನೊಬ್ಬರು. ಸಿಡಿಲು ಎಂದವರಿದ್ದರು, ಬದನಿಕೆ ಹತ್ತಿ ತಿಂದಿತು ಎಂದವರೂ ಇದ್ದರು. ಯಾರೂ ಊಹೆಗೆ ಹೇಳಿದ ಮಾತಲ್ಲ, ಒಂದೊಂದರ ಹಿಂದೆಯೂ ಕಣ್ಣಾರೆ ಕಂಡದ್ದಿತ್ತು. ಆದರೆ ಕಾಗದದ ಮೇಲೆ ಏನಾದರೂ ಇದೆಯೇ?

ಹಿಂದಿನಿಂದ ಹುಡುಕುತ್ತ ಬರುವುದೇ ಸರಿ ಎನಿಸಿತು. ಈ ಊರು ಆಗ ಸೇರಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಈ ಸೀಮೆಯ ಕನ್ನಡ ಶಾಸನಗಳು ಅಚ್ಚಾದದ್ದು 'ದಕ್ಷಿಣ ಭಾರತದ ಶಾಸನಗಳು' ಮಾಲೆಯ 9ನೇ ಸಂಪುಟದಲ್ಲಿ. ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾಯರು ಸಂಪಾದಿಸಿದ ಆ ಸಂಪುಟದ ಮೊದಲ ಭಾಗ 1939ರಲ್ಲಿ ಹೊರಬಂತು. ಕನ್ನಡ ಶಾಸನಗಳಲ್ಲಿ ದತ್ತಿ ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಕೆರೆಯ ಕೋಡಿ, ನಟ್ಟ ಕಲ್ಲುಗಳ ಜೊತೆ ಮರಗಳನ್ನೂ ಹೆಸರಿಸುವ ರೂಢಿಯಿತ್ತು. ಇಂಥ ಮರದಿಂದ ಮೂಡಣಕ್ಕೆ, ಇಂಥ ಕಲ್ಲಿನಿಂದ ತೆಂಕಣಕ್ಕೆ ಎಂದು ಸೀಮೆ ಸಾಗುತ್ತದೆ. ಮರವನ್ನು ಎಲ್ಲೆಗಲ್ಲಿನ ಸಮಕ್ಕೆ ನಿಲ್ಲಿಸಿದ್ದಾರೆಂದರೆ ತಲೆಮಾರುಗಳವರೆಗೆ ಅದು ಅಲ್ಲೇ ಇರುತ್ತದೆಂಬ ಭರವಸೆ ಬರೆಸಿದವರಿಗಿತ್ತು. ದೊಡ್ಡ ಮರದ ಆಯುಷ್ಯದ ಬಗ್ಗೆ ನಮ್ಮ ನಾಡಿನ ಹಳೆಯ ದಾಖಲೆ ಇದೇ ಇರಬೇಕೆಂದು ನನ್ನ ಎಣಿಕೆ. ಆದರೆ ಎಲ್ಲೆಯ ಮರ ಬಿದ್ದಾಗ ಯಾರೂ ಮತ್ತೊಂದು ಶಾಸನ ಹಾಕಿಸಲಿಲ್ಲ.

ಮುಂದಿನದು 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್. ಅದರಲ್ಲಿ ಕಾಡಿಗೊಂದು ಅಧ್ಯಾಯ, ರಸ್ತೆಗಳಿಗೊಂದು, ಮಳೆ ಮತ್ತು ಬರಗಳಿಗೊಂದು. 1876-78ರ ಮಹಾಕ್ಷಾಮ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದದ್ದು, ಈ ಜಿಲ್ಲೆಯನ್ನು ಹಿಂಡಿದ ಪರಿ ಅಲ್ಲಿದೆ. ಜನ, ದನ, ಬೆಳೆ ಎಲ್ಲದರ ನಷ್ಟಕ್ಕೂ ಕಂಪನಿ ಮತ್ತು ಬ್ರಿಟಿಷ್ ಸರ್ಕಾರಗಳ ದಾಖಲೆಗಳಲ್ಲಿ ಜಾಗವಿತ್ತು. ಸತತ ಬರದಲ್ಲಿ ಒಣಗಿದ ಆಲ, ಹುಣಸೆ, ಬೇವುಗಳಿಗೆ ಅಂಥ ಲೆಕ್ಕದ ಅಂಕಣವಿರಲಿಲ್ಲ. ಕಾಡಿನ ಮರ ಆಗಿನವರ ಲೆಕ್ಕಕ್ಕೆ ಬರುತ್ತಿದ್ದದ್ದು ಕಡಿದಾಗ, ಮಾರಿದಾಗ.

ಇನ್ನು ನಮ್ಮ ಕಾಲದ ಪಹಣಿ. ರೈತರೆಲ್ಲರ ಕೈಯಲ್ಲಿರುವ ಆ ಹಾಳೆಯಲ್ಲಿ ಮರಗಳಿಗೆಂದೇ ಅಂಕಣವಿದೆ: ಹೆಸರು, ಸಂಖ್ಯೆ. ನಿಮ್ಮ ಪಹಣಿ ತೆಗೆದು ನೋಡಿ, ಬಹಳಷ್ಟು ಕಡೆ ಆ ಜಾಗ ಖಾಲಿ ಇರುತ್ತದೆ. ತುಂಬಿದ್ದರೂ ಅದು ಎಣಿಕೆಯೇ ಹೊರತು ಗಾತ್ರವಲ್ಲ, ವರ್ಷದ ಆಗುಹೋಗು ಅಲ್ಲ. ರಸ್ತೆಬದಿಯ ಹುಣಸೆಯ ಫಲ ಹರಾಜಾಗುತ್ತದೆ, ಹರಾಜಿನ ಕಾಗದಕ್ಕೆ ಬೇಕಾದದ್ದು ಫಸಲಿನ ಬೆಲೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಆ ಅರ್ಜಿ ಕಡತವಾಗುತ್ತದೆ. ಸಸಿ ನೆಟ್ಟರೆ ಫೋಟೊ ಸಮೇತ ವರದಿ. ಹರಪನಹಳ್ಳಿ ತಾಲ್ಲೂಕಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ದಫ್ತರಗಳ ವಿಳಾಸ ಬದಲಾಗುತ್ತಲೇ ಬಂದಿದೆ. ನೆಟ್ಟದ್ದಕ್ಕೆ ದಾಖಲೆಯಿದೆ, ಕಡಿದದ್ದಕ್ಕೆ ದಾಖಲೆಯಿದೆ. ತಾನಾಗಿ ಸತ್ತ ಮರಕ್ಕೆ ಬಾಗಳಿಯಲ್ಲಿ ನನಗೆ ಯಾವ ಮರಣಪತ್ರವೂ ಸಿಗಲಿಲ್ಲ.

ಹಾಗಾದರೆ ಮರದ ಸಾವನ್ನು ವರ್ಷವರ್ಷ ಬರೆದಿಟ್ಟವರು ಯಾರೂ ಇಲ್ಲವೇ? ಇದ್ದಾರೆ. ಅವರ ಪುಸ್ತಕಗಳು ಕಂದಾಯ ಇಲಾಖೆಯವಲ್ಲ, ಕಾಡಿನೊಳಗಿನವು.

1984ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದ ಕಾಡುಗಳಲ್ಲಿ ಒಂದೊಂದು ಹೆಕ್ಟೇರಿನ ಎಂಟು ತಾಕುಗಳನ್ನು ಗುರುತಿಸಿ ಮರಗಳನ್ನು ಅಳೆದರು. ಡಿ.ಎಂ. ಭಟ್ ಮತ್ತು ಸಂಗಡಿಗರು ಆ ಮರಗಳಲ್ಲಿ ಎಷ್ಟು ಬೆಳೆದವು, ಎಷ್ಟು ಹೊಸದಾಗಿ ಸೇರಿದವು, ಎಷ್ಟು ಸತ್ತವು ಎಂದು ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದರು. ಕೊಡಗಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ 1990ರ ಹೊತ್ತಿಗೆ ಶಾಶ್ವತ ತಾಕು ಹಾಕಿತು. ಧೂಪದ ಮರಗಳು ಮುಗಿಲಿಗೆ ಎದ್ದು ನಿಂತ, ವರ್ಷಕ್ಕೆ 5000 ಮಿ.ಮೀ. ಮೀರಿ ಮಳೆ ಸುರಿಯುವ ಜಾಗ ಅದು. ಅಲ್ಲಿನ ಒಂದೊಂದು ಮರಕ್ಕೂ ನಂಬರು, ನಕ್ಷೆಯಲ್ಲಿ ಒಂದು ಚುಕ್ಕೆ. ಉರುಳಿ ಬಿದ್ದರೆ ಆ ವರ್ಷದ ಪುಟದಲ್ಲಿ ಗುರುತು.

ಬಾಗಳಿಯ ಹುಣಸೆಗೆ ಇವೆರಡಕ್ಕಿಂತ ಹತ್ತಿರದ ನೆಂಟ ಬಂಡೀಪುರದ ಆಚೆಬದಿಯ ಮುದುಮಲೆಯಲ್ಲಿದೆ. 1988ರಲ್ಲಿ ಆರ್. ಸುಕುಮಾರ್ ಅವರ ತಂಡ ಅಲ್ಲಿನ ಒಣ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ತಾಕನ್ನು ಆರಂಭಿಸಿತು. 1 ಸೆಂ.ಮೀ. ದಪ್ಪದ ಗಿಡದಿಂದ ಹಿಡಿದು ಎಲ್ಲಕ್ಕೂ ಬಿಲ್ಲೆ. ದಿಂಡಿಗ, ಮತ್ತಿ, ತೇಗ, ನಂದಿ ಅಲ್ಲಿನ ಮುಖ್ಯ ಮರಗಳು. ಎಚ್.ಎಸ್. ಸುರೇಶ್, ಎಚ್.ಎಸ್. ದತ್ತರಾಜ ಮತ್ತು ಸುಕುಮಾರ್ ಹತ್ತೊಂಬತ್ತು ವರ್ಷಗಳ ಮಳೆಯನ್ನೂ ಸಾವುಗಳನ್ನೂ ಎದುರುಬದುರು ಇಟ್ಟು 2010ರಲ್ಲಿ ಬರೆದ ಪ್ರಬಂಧವನ್ನು ಓದುವಾಗ ನನ್ನ ಹುಡುಕಾಟಕ್ಕೆ ದಾರಿ ಕಂಡಿತು. ಸಣ್ಣ ಗಿಡಗಳನ್ನು ಬೆಂಕಿ, ಆನೆಗಳು ಬೇಗ ಮುಗಿಸುತ್ತವೆ. ಬಲಿತ ಮರ ಹಾಗಲ್ಲ. ಮಳೆ ಕೈಕೊಟ್ಟ ವರ್ಷವೇ ಅದು ಸಾಯಬೇಕೆಂದಿಲ್ಲ. ಕೊರತೆಯ ಪೆಟ್ಟು ವರ್ಷಗಳ ಅಂತರದಲ್ಲಿ, ತಡವಾಗಿ ಸಾವಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಊರಿನ ನಾಲ್ಕು ಮಾತುಗಳನ್ನು ಈ ಬೆಳಕಿನಲ್ಲಿಟ್ಟು ನೋಡಬೇಕು. ಬರ ಬಂದದ್ದು ಒಂದು ವರ್ಷ, ಬೋರು ಕೊರೆದದ್ದು ಮರುವರ್ಷ, ರಸ್ತೆಗೆ ಬೇರು ಕಡಿದದ್ದು ಅದರ ಮರುವರ್ಷ, ಎಲೆ ಬಾರದೆ ಹೋದದ್ದು ಎಲ್ಲ ಆದ ಮೇಲೆ ಇರಬಹುದು. ಕೊನೆಗೆ ಕಂಡದ್ದೇ ಕಾರಣವೆನಿಸುತ್ತದೆ. ಮರ ಸಾಯುವುದು ಬಹುಪಾಲು ಹೀಗೆ, ಒಂದು ಪೆಟ್ಟು ಬಗ್ಗಿಸುತ್ತದೆ, ಇನ್ನೊಂದು ಕೆಡವುತ್ತದೆ.

ದೊಡ್ಡ ಮರಕ್ಕೇ ಏಕೆ ಹೆಚ್ಚು ಅಪಾಯ? ಮೊದಲನೆಯದು ನೀರಿನ ಕಷ್ಟ. ಬೇರಿನಿಂದ ತುದಿ ಎಲೆಯವರೆಗೆ ನೀರು ಏರುವುದು ಯಾವ ಪಂಪಿನಿಂದಲೂ ಅಲ್ಲ. ಎಲೆಯಿಂದ ಆವಿ ಹೋದಷ್ಟೂ ಕೆಳಗಿನ ನೀರಿನ ಎಳೆ ಮೇಲಕ್ಕೆ ಎಳೆಯಲ್ಪಡುತ್ತದೆ, ಕೂದಲೆಳೆಯಂಥ ಸಣ್ಣ ನಾಳಗಳಲ್ಲಿ ಆ ಎಳೆ ಕಡಿಯದೆ ಇರಬೇಕು. ನೆಲ ಒಣಗಿ, ಮೇಲೆ ಗಾಳಿಯೂ ಬಾಯಾರಿದರೆ ಎಳೆತ ಮಿತಿಮೀರುತ್ತದೆ, ನಾಳದೊಳಗೆ ಗಾಳಿಗುಳ್ಳೆ ಸೇರಿ ಎಳೆ ತುಂಡಾಗುತ್ತದೆ. ಮರ ಎತ್ತರವಾದಷ್ಟೂ, ಅದರ ನೆತ್ತಿ ಬಿಸಿಲಿಗೆ ಒಡ್ಡಿಕೊಂಡಷ್ಟೂ ಈ ಗಂಡಾಂತರ ಹೆಚ್ಚು. ಬ್ರೆಜಿಲಿನ ಕಶಿವಾನ ಕಾಡಿನಲ್ಲಿ 2002ರಿಂದ ಒಂದು ಹೆಕ್ಟೇರಿನ ನೆಲಕ್ಕೆ ಹಲಗೆ ಹೊದಿಸಿ, ಬೀಳುವ ಮಳೆಯ ಅರ್ಧದಷ್ಟನ್ನು ಹೊರಕ್ಕೆ ಹರಿಸಿದರು. ಹೆಚ್ಚಾಗಿ ಸತ್ತದ್ದು ದೈತ್ಯ ಮರಗಳು. ಲೂಸಿ ರೋಲ್ಯಾಂಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ ಮರಗಳೊಳಗಿನ ಸಕ್ಕರೆ-ಪಿಷ್ಟ ಬರಿದಾಗಿರಲಿಲ್ಲ. ಹಸಿವಿನಿಂದ ಸತ್ತದ್ದಲ್ಲ, ನೀರಿನ ನಾಳಗಳು ಸೋತು ಸತ್ತದ್ದು.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಹರಪನಹಳ್ಳಿ ಸೀಮೆಯ ಹುಣಸೆಗೆ ಇದರ ಅರ್ಥ ದೊಡ್ಡದು. ಒಣಹವೆಗೆ ಒಗ್ಗಿದ ಮರ ಅದು, ನಿಜ. ಆದರೆ ಅದು ನೂರಾರು ವರ್ಷ ಬದುಕಿದ್ದು ಬೇರು ಇಳಿದ ಆಳದ ತೇವದ ಮೇಲೆ. ಆ ತೇವವೇ ಕೊಳವೆಬಾವಿಗಳ ಕೆಳಕ್ಕೆ ಹೋದರೆ ಮೇಲಿನ ಒಂದು ಹದ ಮಳೆ ಸಸಿಯನ್ನು ಉಳಿಸೀತು, ಮುದಿ ಮರವನ್ನು ಉಳಿಸದು. ಬೋರಿನ ಮಾತು ಹೇಳಿದ ರೈತರನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಸಿಡಿಲಿನ ಮಾತನ್ನೂ ತಳ್ಳಿಹಾಕಲಾಗದು. ಸಿಡಿಲು ಹೊಡೆದ ಮರ ಸೀಳಿರಬೇಕು, ಸುಟ್ಟಿರಬೇಕು ಎಂಬುದು ನಮ್ಮ ನಂಬಿಕೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಸ್ಟೀವ್ ಯನೋವಿಯಾಕ್, ಇವಾನ್ ಗೋರಾ ಮೊದಲಾದವರು ಕ್ಯಾಮೆರಾಗಳಿಂದ ಸಿಡಿಲಿನ ಜಾಗ ಗುರುತಿಸಿ ಹೋಗಿ ನೋಡಿದರೆ, ಹೆಚ್ಚಿನ ಮರಗಳ ಮೇಲೆ ಎದ್ದು ಕಾಣುವ ಗಾಯವೇ ಇರಲಿಲ್ಲ. ತಿಂಗಳುಗಳ ಮೇಲೆ ಅವು ಒಣಗಿದವು, ಅಕ್ಕಪಕ್ಕದ ಮರಗಳನ್ನೂ ಕೂಡಿಕೊಂಡು. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಅಲ್ಲಿ 60 ಸೆಂ.ಮೀ.ಗಿಂತ ದಪ್ಪದ ಮರಗಳ ಸಾವಿನಲ್ಲಿ ಸುಮಾರು 40%ಕ್ಕೆ ಸಿಡಿಲೇ ಕಾರಣ. ಬಯಲಿನಲ್ಲಿ ಒಂಟಿಯಾಗಿ ಎದ್ದುನಿಂತ ಮರದ ಮೇಲೆ ಮುಂಗಾರುಪೂರ್ವದ ಗುಡುಗು-ಮಿಂಚು ಏನು ಮಾಡುತ್ತಿದೆ ಎಂದು ನಮ್ಮಲ್ಲಿ ಯಾರಾದರೂ ಹೀಗೆ ಬೆನ್ನು ಹತ್ತಬೇಕು.

ಗಾಳಿಯೂ ಇದೆ. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳು ಈ ಸೀಮೆಯವರಿಗೆಲ್ಲ ಗೊತ್ತು. ಹೆಸರಿಗೆ ಹುಣಸೆಯಾದರೂ ಅವು ಆಫ್ರಿಕಾ ಮೂಲದ ಬಾವೊಬಾಬ್. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಅದನ್ನು ಕಡಿದು ಸಾಗಿಸದೆ ಮತ್ತೆ ನೆಟ್ಟು ನಿಲ್ಲಿಸಿದರು, ಅದು ಚಿಗುರಿತು ಕೂಡ. ಉರುಳಿದ ಮರದ ಹೆಸರು, ದಿನ, ಕಾರಣ ಪತ್ರಿಕೆಗಳಲ್ಲಿ ದಾಖಲಾದ ಅಪರೂಪದ ಪ್ರಸಂಗ ಇದು. ರಾಮೋಹಳ್ಳಿಯ ದೊಡ್ಡ ಆಲದ ಮರದ ತಾಯಿಬುಡ ರೋಗಕ್ಕೆ ಸತ್ತು, ಬಿಳಲುಗಳ ಮೇಲೆ ಮೂರು ಎಕರೆಯಷ್ಟು ನಿಂತಿದೆ. ಆಲಕ್ಕೆ ಆ ಭಾಗ್ಯವಿದೆ. ಹುಣಸೆಗೆ ಇರುವುದು ಒಂದೇ ಬುಡ.

ಮರ ಸತ್ತರೆ ಅದು ಗಾಳಿಯಿಂದ ಹೀರಿ ಕೂಡಿಟ್ಟ ಇಂಗಾಲವೂ ಹೋಗುತ್ತದೆ, ಈಗ ಅದರ ಲೆಕ್ಕ. ಬಾಗಳಿಯ ಬದುವಿನ ಮರದ ಅಳತೆಯನ್ನು, ಉಷ್ಣವಲಯದ ಮರಗಳಿಗೆ ಜೆರೋಮ್ ಶಾವ್ ಮತ್ತಿತರರು 2014ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕಿದೆ. ವ್ಯಾಸ 1 ಮೀಟರ್, ಎತ್ತರ 18 ಮೀಟರ್ ಎಂದು ಹಿಡಿದು, ಹುಣಸೆಯ ಗಟ್ಟಿ ಮರಕ್ಕೆ ತಕ್ಕ ಸಾಂದ್ರತೆ ಕೊಟ್ಟರೆ, ನೆಲದ ಮೇಲಿನ ಒಣತೂಕ ಏಳೂವರೆ ಟನ್ನಿಗೂ ಮೇಲೆ. ಅದರಲ್ಲಿ ಇಂಗಾಲ ಸುಮಾರು ಮೂರೂವರೆ ಟನ್. ಪೂರ್ತಿ ಗಾಳಿಗೆ ಹೋದರೆ 13 ಟನ್ ಇಂಗಾಲದ ಡೈಆಕ್ಸೈಡ್. ಸೊಪ್ಪು, ಕೊಂಬೆ ಸವರಿಸಿಕೊಂಡ ಬದುವಿನ ಮರಕ್ಕೆ ಸ್ವಲ್ಪ ಕಡಿಮೆ ಹಿಡಿಯಬೇಕು, ಇರಲಿ. ಅದೇ ಸೂತ್ರದಲ್ಲಿ 10 ಸೆಂ.ಮೀ. ದಪ್ಪದ, 6 ಮೀಟರ್ ಎತ್ತರದ ಎಳೆಮರ ಹಿಡಿದಿಡುವ ಒಣತೂಕ 30 ಕಿಲೋಗೂ ಕಮ್ಮಿ. ಅಂದರೆ ಸತ್ತ ಒಂದು ಮರದ ಜಾಗವನ್ನು ತುಂಬಲು ಅಂಥ 260 ಮರಗಳು ಸಾಯದೆ ಅಷ್ಟೆತ್ತರ ಬೆಳೆದಿರಬೇಕು. ಒಂದು ಮರಕ್ಕೆ ಹತ್ತು ಸಸಿ ನೆಟ್ಟು ಸರಿದೂಗಿತು ಎನ್ನುವ ಮಾತನ್ನು ಈ ಲೆಕ್ಕ ಒಪ್ಪುವುದಿಲ್ಲ.

ಇದು ಬರೀ ಬಾಗಳಿಯ ಲೆಕ್ಕವಲ್ಲ. ಜಗತ್ತಿನ 48 ದೊಡ್ಡ ಕಾಡುತಾಕುಗಳ ಅಂಕಿಅಂಶ ಕೂಡಿಸಿ ಜೇಮ್ಸ್ ಲಟ್ಜ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಅತಿ ದಪ್ಪನೆಯ 1% ಮರಗಳಲ್ಲೇ ನೆಲದ ಮೇಲಿನ ಮರದ ತೂಕದ ಅರ್ಧದಷ್ಟಿದೆ. ಕಾಡಿನ ಇಂಗಾಲ ಉಳಿಯುವುದೂ ಹೋಗುವುದೂ ಆ ಕೆಲವೇ ಮರಗಳ ಆಯುಷ್ಯದ ಮೇಲೆ. ವರ್ಷಕ್ಕೆ ನೂರರಲ್ಲಿ ಒಂದು ಸಾಯುವ ಕಡೆ ಸರಾಸರಿ ಆಯುಷ್ಯ ನೂರು ವರ್ಷ. ನೂರರಲ್ಲಿ ಎರಡು ಸತ್ತರೆ ಐವತ್ತು. ಒಂದೇ ಒಂದು ಅಂಶದ ಏರಿಕೆ ಕಾಡನ್ನು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ, ಕಾಡು ಹಸಿರಾಗಿಯೇ ಇರುತ್ತದೆ. ಆಸ್ಟ್ರೇಲಿಯಾದ ಮಳೆಕಾಡಿನ 24 ತಾಕುಗಳಲ್ಲಿ 49 ವರ್ಷಗಳ ದಾಖಲೆ ತೆಗೆದು ಡೇವಿಡ್ ಬೌಮನ್ ತಂಡ 2022ರಲ್ಲಿ ಕಂಡದ್ದು ಇದನ್ನೇ: 1980ರ ದಶಕದಿಂದೀಚೆಗೆ ಸಾವಿನ ಸಂಭವ ಇಮ್ಮಡಿಯಾಗಿದೆ, ಗಾಳಿಯ ಒಣಗುವಿಕೆ ಅದರ ಹಿಂದಿದೆ. ಅಮೆಜಾನಿನ 321 ತಾಕುಗಳನ್ನು ನೋಡಿದ ರೋಯೆಲ್ ಬ್ರೀನೆನ್ ಮತ್ತಿತರರು 2015ರಲ್ಲೇ ಎಚ್ಚರಿಸಿದ್ದರು. ಮರಗಳ ಬೆಳವಣಿಗೆಯ ಏರಿಕೆ ನಿಂತು, ಸಾವು ಏರುತ್ತ ಹೋಗಿ ಆ ಕಾಡು ಇಂಗಾಲ ಹೀರುವ ಪ್ರಮಾಣ 1990ರ ದಶಕಕ್ಕಿಂತ ಮೂರನೇ ಒಂದರಷ್ಟು ಇಳಿದಿತ್ತು. ಅಮೆಜಾನಿನ ಸಾವಿನ ದಾಖಲೆಗಳನ್ನೇ ಬಗೆದ ಅಡ್ರಿಯಾನ್ ಎಸ್ಕಿವೆಲ್-ಮ್ಯೂಲ್ಬರ್ಟ್ 2020ರಲ್ಲಿ ಇನ್ನೊಂದು ಸಂಗತಿ ಹೇಳಿದರು: ಬೇಗ ಬೆಳೆಯುವ ಜಾತಿಗಳೇ ಹೆಚ್ಚು ಸಾಯುತ್ತವೆ. ಬೇಗ ಬೆಳೆಯುವುದೆಂಬ ಒಂದೇ ಗುಣ ನೋಡಿ ಬಯಲುಸೀಮೆಯ ತುಂಬ ನೀಲಗಿರಿ, ಸುಬಾಬುಲ್ ನೆಟ್ಟ ನಾವು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಸತ್ತ ಮರದ ಇಂಗಾಲ ಅಂದೇ ಹಾರಿಹೋಗುವುದಿಲ್ಲ. ಉಪ್ಪಂಗಳದಂಥ ಕಾಡಿನಲ್ಲಿ ಬಿದ್ದ ದಿಮ್ಮಿ ಅಣಬೆ-ಗೆದ್ದಲುಗಳ ಬಾಯಲ್ಲಿ ವರ್ಷಗಟ್ಟಲೆ ಕರಗುತ್ತದೆ, ಒಂದು ಪಾಲು ಮಣ್ಣಿಗೂ ಸೇರುತ್ತದೆ. ನಮ್ಮ ಕಡೆ ಹಿಂದೆ ಹುಣಸೆಯ ಚೇಗು ಗಾಣವಾಗಿ, ಒನಕೆಯಾಗಿ ಒಂದೆರಡು ತಲೆಮಾರು ಉಳಿಯುತ್ತಿತ್ತು. ಈಗ ಒಣಗಿದ ಮರಕ್ಕೆ ಕೊಡಲಿ ಬಿದ್ದರೆ ಸೌದೆಯಾಗಿ ಇಟ್ಟಿಗೆಭಟ್ಟಿ ಸೇರುತ್ತದೆ, ನೂರು ವರ್ಷ ಕೂಡಿಟ್ಟದ್ದು ಒಂದು ರಾತ್ರಿಯ ಉರಿಗೆ ಸಲ್ಲುತ್ತದೆ.

ಇಂಗಾಲದ ಸರ್ಕಾರಿ ಲೆಕ್ಕ ಮಾತ್ರ ಹೆಚ್ಚಾಗಿ ಹಸಿರು ಹೊದಿಕೆಯ ಮೇಲೆ ನಿಂತಿದೆ. ಒಂದು ಹೆಕ್ಟೇರಿನಷ್ಟು ಜಾಗದಲ್ಲಿ 10% ಮರದ ನೆರಳಿದ್ದರೆ ಉಪಗ್ರಹದ ನಕ್ಷೆಯಲ್ಲಿ ಅದು ಕಾಡು. ಆ ನೆರಳು ಮುದಿ ಮರದ್ದೋ ಐದು ವರ್ಷದ ನೆಡುತೋಪಿನದೋ ಎಂಬ ವ್ಯತ್ಯಾಸ ಆ ಬಣ್ಣದಲ್ಲಿಲ್ಲ. ಪಕ್ಕದ ಸಂಡೂರಿನ ದೇವದಾರಿ ಗಣಿಯ ವಿಚಾರದಲ್ಲಿ 2024ರಲ್ಲಿ ಎದ್ದ ಚರ್ಚೆಯೂ ಸುಮಾರು 99 ಸಾವಿರ ಮರ ಎಂಬ ಸಂಖ್ಯೆಯ ಸುತ್ತಲೇ ನಡೆಯಿತು. ಆ ಸಂಖ್ಯೆಗೆ ಬೆಚ್ಚಿದ್ದು ಸರಿಯೇ, ಜೊತೆಗೆ ಎಷ್ಟು ದಪ್ಪದವು ಎಷ್ಟಿವೆ ಎಂದೂ ಕೇಳಬೇಕಿತ್ತು.

ರಾಜ್ಯದಲ್ಲಿ ಒಂದು ಒಳ್ಳೆಯ ಮಾದರಿ ಇದೆ. ದೇವನಹಳ್ಳಿಯ ನಲ್ಲೂರು ಹುಣಸೆತೋಪು, ಸುಮಾರು 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ತೋಪಿಗೆ ಆ ಮಾನ್ಯತೆ ಸಿಕ್ಕಿತು. ಬದುವಿನ ಮೇಲೆ, ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಒಂದೊಂದೇ ನಿಂತ ಮರಗಳಿಗೆ ಸಿಗಲಿಲ್ಲ. ನಮ್ಮ ಬಯಲುಸೀಮೆಯ ದೊಡ್ಡ ಮರಗಳು ಇರುವುದೇ ಹೀಗೆ ಚದುರಿ.

ಬಾಗಳಿಯ ಮರ ಯಾತರಿಂದ ಸತ್ತಿತು? ನನ್ನ ಊಹೆ ಇಷ್ಟು: ಅದು ಬಾಯಾರಿ ಸೋತಿತ್ತು, ಬೇರಿನ ಗಾಯ ಅದನ್ನು ಮುಗಿಸಿತು, ಹುಳು-ಅಣಬೆ ಬಂದದ್ದು ಆಮೇಲೆ. ನಿಂತೇ ಒಣಗಿದ್ದು, ಕೊನೆಯವರೆಗೆ ಕಾಯಿ ಬಿಟ್ಟದ್ದು, ಪಕ್ಕದ ಎಳೆ ಬೇವುಗಳು ಹಸಿರಾಗಿಯೇ ಉಳಿದದ್ದು ಮೂರೂ ಈ ಕಡೆ ಬೆರಳು ತೋರಿಸುತ್ತವೆ. ಐದು ವರ್ಷದ ಹಿಂದೆ ಯಾರಾದರೂ ಅದರ ನೆತ್ತಿ ಒಣಗಲು ಶುರುವಾದ ತಿಂಗಳನ್ನು ಬರೆದಿಟ್ಟಿದ್ದರೆ ಬೆರಳು ತೋರಿಸುವ ಬದಲು ಕೈಯಿಟ್ಟು ಹೇಳಬಹುದಿತ್ತು.

2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮುದುಮಲೆಯ ಪಾಠ ನಿಜವಾದರೆ ಆ ಬರದ ಸಾವುಗಳು ಮಳೆ ಬಂದ ಮೇಲೂ ನಡೆಯುತ್ತಿರುತ್ತವೆ. ಆದ್ದರಿಂದ ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಶಾಲಾ ಮೇಷ್ಟ್ರುಗಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ, ಹೊಲದ ಒಡೆಯರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮೂರಿನ ದೊಡ್ಡ ಮರಗಳಿಗೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ, ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಮತ್ತೆ ನೋಡಿ. ಸತ್ತರೆ ಯಾವ ವರ್ಷ, ನಿಂತೇ ಒಣಗಿತೋ, ನಡುವೆ ಮುರಿಯಿತೋ, ಬುಡಸಮೇತ ಬಿತ್ತೋ ಎಂದು ಒಂದು ಸಾಲು ಬರೆಯಿರಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಅದಕ್ಕೊಂದು ಪುಟ ಕೇಳಿ ಪಡೆಯಿರಿ.